ರಿವಾಲ್ವರ್ ನೂರು ವರ್ಷ, ಪರವಾನಗಿ ಐದು ವರ್ಷ

2025ರ ಮೇ ತಿಂಗಳಿನಲ್ಲಿ ಅಸ್ಸಾಂ ಸಚಿವ ಸಂಪುಟ ಒಂದು ವಿಶೇಷ ಯೋಜನೆಗೆ ಒಪ್ಪಿಗೆ ನೀಡಿತು. ದೂರದ ಹಾಗೂ ಸೂಕ್ಷ್ಮ ಎನಿಸಿದ ಪ್ರದೇಶಗಳಲ್ಲಿ ವಾಸಿಸುವ ಮೂಲನಿವಾಸಿಗಳಿಗೆ ಆತ್ಮರಕ್ಷಣೆಗಾಗಿ ಶಸ್ತ್ರ ಪರವಾನಗಿ ನೀಡುವ ಯೋಜನೆಯದು. ಅದೇ ವರ್ಷದ ಆಗಸ್ಟ್‌ನಲ್ಲಿ ಅರ್ಜಿ ಸಲ್ಲಿಸಲು ಆನ್‌ಲೈನ್ ವ್ಯವಸ್ಥೆಯೂ ಆರಂಭವಾಯಿತು. ಯೋಜನೆಯ ರಾಜಕೀಯದ ಬಗ್ಗೆ ಪರ-ವಿರೋಧದ ಮಾತುಗಳು ಸಾಕಷ್ಟು ಕೇಳಿಬಂದಿವೆ. ಆದರೆ ಆ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತಿತು: ಪರವಾನಗಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು? ಕೊಟ್ಟ ಮರುದಿನದಿಂದ ಏನಾಗುತ್ತದೆ ಎಂಬುದನ್ನು ಕೇಳಿದವರು ಕಡಿಮೆ.

ನಮ್ಮ ದೇಶದಲ್ಲಿ ಶಸ್ತ್ರಗಳ ಕುರಿತ ಆಡಳಿತ ಚಿಂತನೆಯ ಸ್ವರೂಪವೇ ಹಾಗಿದೆ. ಬಾಗಿಲಲ್ಲಿ ಬಿಗಿ ತಪಾಸಣೆ, ಒಳಹೊಕ್ಕ ಮೇಲೆ ಯಾರೂ ಕೇಳುವವರಿಲ್ಲ. ಅರ್ಜಿದಾರನ ಪೂರ್ವಾಪರ, ಪೊಲೀಸ್ ವರದಿ, ಬೆದರಿಕೆ ಇದೆಯೇ ಇಲ್ಲವೇ ಎಂಬ ವಿಚಾರಣೆ ಇವೆಲ್ಲ ಕಡತದಲ್ಲಿ ಪುಟಗಟ್ಟಲೆ ಇರುತ್ತವೆ. ಅವನು ಕೊಳ್ಳುವ ಆಯುಧ ಎಂಥದು, ಅದನ್ನು ಮನೆಯಲ್ಲಿ ಹೇಗೆ ಇಡುತ್ತಾನೆ, ಅದರೊಳಗೆ ಯಾವ ಕಾಡತೂಸು ತುಂಬುತ್ತಾನೆ ಎಂಬ ಮೂರು ಪ್ರಶ್ನೆಗಳಿಗೆ ಆ ಕಡತದಲ್ಲಿ ಸಿಗುವ ಜಾಗ ಅತ್ಯಲ್ಪ. ಅಪಘಾತ, ಆತ್ಮಹತ್ಯೆ, ಕಳವು ಇವು ಮೂರೂ ಹುಟ್ಟುವುದು ಮಾತ್ರ ಈ ಮೂರು ಪ್ರಶ್ನೆಗಳ ಆಸುಪಾಸಿನಲ್ಲಿ.

ಇದನ್ನು ಅರ್ಥಶಾಸ್ತ್ರದ ಒಂದು ಸಾಮಾನ್ಯ ವಿಂಗಡಣೆಯಿಂದ ನೋಡಬಹುದು. ಬಾಳಿಕೆಯ ಸರಕು ಬೇರೆ, ಬಳಸಿ ಮುಗಿಯುವ ಸರಕು ಬೇರೆ. ಅಕ್ಕಿ ತಿಂದರೆ ಮುಗಿಯಿತು. ಮನೆ ಮೂರು ತಲೆಮಾರು ನಿಲ್ಲುತ್ತದೆ. ಬಾಳಿಕೆಯ ಸರಕಿನ ವಿಷಯದಲ್ಲಿ ವರ್ಷವರ್ಷದ ಹೊಸ ಮಾರಾಟಕ್ಕಿಂತ ಈಗಾಗಲೇ ಜನರ ಕೈಯಲ್ಲಿರುವ ದಾಸ್ತಾನು ಮುಖ್ಯ. ಒಳ್ಳೆಯ ಉಕ್ಕಿನಿಂದ ಮಾಡಿದ ರಿವಾಲ್ವರ್ ಅತ್ಯಂತ ಬಾಳಿಕೆಯ ಸರಕುಗಳಲ್ಲಿ ಒಂದು. ಎಣ್ಣೆ ಹಚ್ಚಿ ಒಣ ಜಾಗದಲ್ಲಿಟ್ಟರೆ ಅದು ಕೊಂಡವನನ್ನೂ ಅವನ ಮಗನನ್ನೂ ಮೀರಿ ಬದುಕುತ್ತದೆ. ಅದರ ಕಾಡತೂಸು ಮಾತ್ರ ಬಳಸಿ ಮುಗಿಯುವ ಸರಕು. ಸ್ವಿಟ್ಜರ್ಲೆಂಡಿನ ‘ಸ್ಮಾಲ್ ಆರ್ಮ್ಸ್ ಸರ್ವೆ’ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ನಾಗರಿಕರ ಬಳಿ ಸುಮಾರು 85.7 ಕೋಟಿ ಬಂದೂಕು-ಪಿಸ್ತೂಲುಗಳಿದ್ದವು. ಅವುಗಳಲ್ಲಿ 39.3 ಕೋಟಿ ಅಮೆರಿಕವೊಂದರಲ್ಲೇ ಇದ್ದವು. ಭಾರತದಲ್ಲಿ ಪರವಾನಗಿ ಇರುವ ಹಾಗೂ ಇಲ್ಲದ ಎಲ್ಲವೂ ಸೇರಿ ಸುಮಾರು 7.1 ಕೋಟಿ, ಅವುಗಳಲ್ಲಿ ನೋಂದಾಯಿತವಾದವು ಒಂದು ಕೋಟಿಗೂ ಕಡಿಮೆ. ನಾಳೆಯೇ ಮಾರಾಟ ನಿಲ್ಲಿಸಿದರೂ ಈ ದಾಸ್ತಾನು ಕರಗುವುದಕ್ಕೆ ಶತಮಾನ ಬೇಕು.

ಆಯ್ಕೆ, ತುಂಬುವಿಕೆ, ಕಾಪಿಡುವಿಕೆ ಎಂಬ ಮೂರು ಪ್ರಶ್ನೆಗಳನ್ನು ಅತ್ಯಂತ ಆಳವಾಗಿ ಕೆದಕಿರುವ ಸಮಾಜ ಅಮೆರಿಕ. ಅದರಲ್ಲೂ .44, .45ರಂಥ ದೊಡ್ಡ ಬೋರಿನ, ಅಂದರೆ ನಳಿಕೆಯ ವ್ಯಾಸ ಅಂಗುಲದ ಶೇ 40ಕ್ಕೂ ಹೆಚ್ಚಿರುವ ರಿವಾಲ್ವರುಗಳ ಸುತ್ತ ಅಲ್ಲಿ ಒಂದು ಜ್ಞಾನಪರಂಪರೆಯೇ ಬೆಳೆದಿದೆ. ಅದರ ಗುಣವನ್ನೂ ಮಿತಿಯನ್ನೂ ತಿಳಿಯುವುದು ನಮಗೆ ಪ್ರಯೋಜನಕರ.

ಆಯ್ಕೆಯ ಪ್ರಶ್ನೆ

ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರ್‌ಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. 1847ರಲ್ಲಿ ಸೈನ್ಯಕ್ಕೆಂದು ತಯಾರಾದ ‘ವಾಕರ್’ ಮಾದರಿ .44 ಬೋರಿನದು, ತೂಕ ಎರಡು ಕಿಲೋಗ್ರಾಂಗೂ ಹೆಚ್ಚು. ಅಂದಿನ ಲೋಹ ಆ ಮದ್ದಿನ ಒತ್ತಡವನ್ನು ತಾಳಲಾರದೆ ಹಲವು ವಾಕರ್‌ಗಳ ಸಿಲಿಂಡರ್ ಒಡೆದವು. ದೊಡ್ಡ ಬೋರಿನ ರಿವಾಲ್ವರ್‌ನ ಇತಿಹಾಸವೆಲ್ಲ ಈ ಒಂದು ತೊಡಕಿನ ಇತಿಹಾಸ ಎನ್ನಬಹುದು: ಶಕ್ತಿ ಹೆಚ್ಚಿಸಬೇಕು, ಆದರೆ ಲೋಹ ತಾಳಬೇಕು, ಹಿಡಿದ ಕೈಯೂ ತಾಳಬೇಕು.

1873ರಲ್ಲಿ ಬಂದ ಕೋಲ್ಟ್ ‘ಸಿಂಗಲ್ ಆ್ಯಕ್ಷನ್ ಆರ್ಮಿ’ ಕರಿಮದ್ದಿನ .45 ಕಾಡತೂಸಿಗೆ ರೂಪಿಸಿದ ಆಯುಧ. ನಂತರ ಅಮೆರಿಕದ ಸೈನ್ಯ .38 ಬೋರಿಗೆ ಇಳಿಯಿತು. ಫಿಲಿಪ್ಪೀನ್ಸ್ ಯುದ್ಧದಲ್ಲಿ ಅದು ಸಾಲದೆನಿಸಿದಾಗ 1904ರಲ್ಲಿ ಪರೀಕ್ಷೆ ನಡೆಸಿ ಮತ್ತೆ .45ಕ್ಕೆ ಹಿಂದಿರುಗಿತು. ಇತ್ತ ಬ್ರಿಟಿಷರು 1887ರಲ್ಲಿ .455 ಬೋರಿನ ವೆಬ್ಲಿ ರಿವಾಲ್ವರನ್ನು ಸ್ವೀಕರಿಸಿ, 1932ರ ವೇಳೆಗೆ ಹಗುರವಾದ .38ಕ್ಕೆ ಬಂದರು. ಸೈನ್ಯಗಳು ದೊಡ್ಡ ಬೋರಿನ ರಿವಾಲ್ವರನ್ನು ಬಿಟ್ಟ ಮೇಲೆ ಅದು ನಾಗರಿಕರ ವಸ್ತುವಾಗಿ, ಬೇಟೆಗಾರರ ವಸ್ತುವಾಗಿ ಉಳಿಯಿತು.

ಅದಕ್ಕೆ ಹೊಸ ಜೀವ ಕೊಟ್ಟವನು ಐಡಾಹೊ ಪ್ರಾಂತ್ಯದ ಎಲ್ಮರ್ ಕೀತ್ ಎಂಬ ದನಗಾಹಿ ಮತ್ತು ಲೇಖಕ. ಮಿತಿಮೀರಿ ಮದ್ದು ತುಂಬಿ .45 ಕೋಲ್ಟ್ ರಿವಾಲ್ವರನ್ನು ಒಡೆದುಕೊಂಡವನು ಅವನು. ಅದೇ ಅಳತೆಯ ಸಿಲಿಂಡರಿನಲ್ಲಿ .44 ಬೋರು ಕೊರೆದರೆ ಗೋಡೆ ಸ್ವಲ್ಪ ದಪ್ಪ ಉಳಿಯುತ್ತದೆ ಎಂಬ ಸರಳ ಲೆಕ್ಕದಿಂದ .44ಕ್ಕೆ ಬದಲಾದ. ಅವನ ಒತ್ತಾಯದ ಫಲವಾಗಿ 1955ರ ಕೊನೆಯಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ .44 ಮ್ಯಾಗ್ನಮ್ ಅನ್ನು ಹೊರತಂದಿತು. 1956ರಲ್ಲಿ ರುಗರ್ ಕಂಪನಿ ಅದೇ ಕಾಡತೂಸಿಗೆ ‘ಬ್ಲ್ಯಾಕ್‌ಹಾಕ್’ ತಂದಿತು. 1971ರಲ್ಲಿ ತೆರೆಕಂಡ ‘ಡರ್ಟಿ ಹ್ಯಾರಿ’ ಚಿತ್ರ ಈ ರಿವಾಲ್ವರನ್ನು ಬೇಟೆಯ ಗೊಡವೆಯೇ ಇಲ್ಲದ ನಗರವಾಸಿಗಳ ಆಸೆಯ ವಸ್ತುವನ್ನಾಗಿಸಿತು. ಬೇಡಿಕೆ ಯಾವಾಗಲೂ ಅಗತ್ಯದಿಂದಲೇ ಹುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಬಾಳಿಕೆಯ ಪ್ರಶ್ನೆ ಎದ್ದದ್ದು ಆ ಬಳಿಕ. 1970ರ ದಶಕದಲ್ಲಿ ಲೋಹದ ಆಕೃತಿಗಳನ್ನು ದೂರದಿಂದ ಹೊಡೆದುರುಳಿಸುವ ಸ್ಪರ್ಧೆಗಳು ಜನಪ್ರಿಯವಾದವು. ಸ್ಪರ್ಧಿಗಳು ಭಾರವಾದ ಗುಂಡುಗಳನ್ನು ಸಾವಿರಗಟ್ಟಲೆ ಹಾರಿಸತೊಡಗಿದಾಗ ಸ್ಮಿತ್ ಅಂಡ್ ವೆಸನ್‌ನ ನಯವಾದ ಮಾದರಿಗಳಲ್ಲಿ ಹೊಡೆತದ ರಭಸಕ್ಕೆ ಸಿಲಿಂಡರಿನ ಕೊಂಡಿ ಕಳಚಿಕೊಳ್ಳುವ ದೋಷ ಕಾಣಿಸಿತು. 1980ರ ದಶಕದ ಉತ್ತರಾರ್ಧದಲ್ಲಿ ಕಂಪನಿ ಒಳಭಾಗಗಳನ್ನು ಬಲಪಡಿಸಿತು. ರುಗರ್ ಮೊದಲಿನಿಂದಲೂ ಹೆಚ್ಚು ಲೋಹ ಸುರಿದು ದಪ್ಪನಾಗಿ ಮಾಡುವ ದಾರಿ ಹಿಡಿದಿತ್ತು. ಅಮೆರಿಕದ ಅನುಭವಿ ಬಳಕೆದಾರರು ಹೇಳುವ ವಿವೇಕದ ಮಾತು ಇಷ್ಟೆ: ಆಯುಧದ ತಾಳಿಕೆಯ ತುತ್ತತುದಿಯಲ್ಲಿ ಅದನ್ನು ಬಳಸಬೇಡಿ, ಬೇಕಾದ ಶಕ್ತಿಗಿಂತ ಒಂದು ಮೆಟ್ಟಿಲು ಗಟ್ಟಿಯಾದ ಆಯುಧ ಕೊಂಡು, ಅದನ್ನು ಒಂದು ಮೆಟ್ಟಿಲು ಕೆಳಗೆ ಬಳಸಿ. ಸೇತುವೆ ಕಟ್ಟುವ ಎಂಜಿನಿಯರ್ ಹೇಳುವುದೂ ಇದನ್ನೇ.

ಈ ಎಲ್ಲ ತಿಳಿವಳಿಕೆ ಅಲ್ಲಿ ಹುಟ್ಟಿದ್ದು ಸರ್ಕಾರದಿಂದಲ್ಲ. ಬ್ರಿಟನ್ನಿನಲ್ಲಿ ಮಾರಾಟಕ್ಕೆ ಮುನ್ನ ಪ್ರತಿಯೊಂದು ನಳಿಕೆಯನ್ನೂ ಹೆಚ್ಚುವರಿ ಒತ್ತಡದಲ್ಲಿ ಪರೀಕ್ಷಿಸಿ ಮುದ್ರೆ ಒತ್ತಬೇಕೆಂಬ ಕಾನೂನಿದೆ. ಲಂಡನ್ನಿನ ಪರೀಕ್ಷಾ ವ್ಯವಸ್ಥೆಯ ಮೂಲ 1637ರಷ್ಟು ಹಿಂದಿನದು, ಬರ್ಮಿಂಗ್‌ಹ್ಯಾಮಿನದು 1813ರದು. ಅಮೆರಿಕದಲ್ಲಿ ಅಂಥ ಕಡ್ಡಾಯವಿಲ್ಲ. 1926ರಲ್ಲಿ ಸ್ಥಾಪನೆಯಾದ ತಯಾರಕರ ಸಂಘವೇ ಪ್ರತಿ ಕಾಡತೂಸಿಗೂ ಗರಿಷ್ಠ ಒತ್ತಡವನ್ನು ನಿಗದಿಪಡಿಸುತ್ತದೆ. ಪಾಲಿಸುವುದು ಸ್ವಯಂಪ್ರೇರಿತ. ಆದರೂ ಅದು ಬಹುಮಟ್ಟಿಗೆ ಕೆಲಸ ಮಾಡಿದೆ. ಏಕೆಂದರೆ ಒಡೆದ ರಿವಾಲ್ವರ್ ಕಂಪನಿಯನ್ನು ನ್ಯಾಯಾಲಯಕ್ಕೆ ಎಳೆಯುತ್ತದೆ.

ತುಂಬುವಿಕೆಯ ಪ್ರಶ್ನೆ

ದೊಡ್ಡ ಬೋರಿನ ಕಾಡತೂಸು ದುಬಾರಿ. ಆದ್ದರಿಂದ ಹಾರಿಸಿದ ಹಿತ್ತಾಳೆಯ ಖಾಲಿ ಕೊಳವೆಯನ್ನು ಎತ್ತಿಟ್ಟು, ಅದಕ್ಕೆ ಹೊಸ ಮದ್ದು-ಗುಂಡು ಸೇರಿಸಿ ಮರುತುಂಬುವ ಹವ್ಯಾಸ ಅಲ್ಲಿ ವ್ಯಾಪಕವಾಗಿದೆ. ಸ್ವಂತ ಬಳಕೆಗಾಗಿ ಹೀಗೆ ತುಂಬಿಕೊಳ್ಳಲು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಪರವಾನಗಿ ಬೇಕಿಲ್ಲ. ಮಾರಾಟಕ್ಕೆ ತಯಾರಿಸುವುದಾದರೆ ಮಾತ್ರ ಬೇಕು. ಇದರ ಹಿಂದೆ ಮಿತವ್ಯಯವಿದೆ, ಕುಶಲಕಲೆಯ ಸಂತೋಷವಿದೆ, ಅಪಾಯವೂ ಇದೆ.

ಅಪಾಯದ ಸ್ವರೂಪವನ್ನು ಮೂರು ಅಂಕಿಗಳು ಹೇಳುತ್ತವೆ. ತಯಾರಕರ ಸಂಘ ನಿಗದಿಪಡಿಸಿದ ಗರಿಷ್ಠ ಒತ್ತಡ, ಚದರ ಅಂಗುಲಕ್ಕೆ ಪೌಂಡುಗಳ ಲೆಕ್ಕದಲ್ಲಿ, .45 ಕೋಲ್ಟ್‌ಗೆ 14,000; .44 ಮ್ಯಾಗ್ನಮ್‌ಗೆ 36,000; .454 ಕಸುಲ್ ಎಂಬ ಅದಕ್ಕೂ ಪ್ರಬಲವಾದ ಕಾಡತೂಸಿಗೆ 65,000. ಇವು ಹೊರನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಳಗಿನ ಒತ್ತಡದಲ್ಲಿ ನಾಲ್ಕು ಪಟ್ಟಿಗೂ ಮೀರಿದ ಅಂತರ. .45 ಕೋಲ್ಟ್‌ನ ಪ್ರಕರಣ ಇನ್ನೂ ವಿಚಿತ್ರ. ಅದೇ ಕಾಡತೂಸು 1870ರ ದಶಕದ ತೆಳುಗೋಡೆಯ ಆಯುಧಕ್ಕೂ ಹೊಂದುತ್ತದೆ, ಇಂದಿನ ದಪ್ಪ ರುಗರ್‌ಗೂ ಹೊಂದುತ್ತದೆ. ಆದ್ದರಿಂದಲೇ ಮರುತುಂಬುವಿಕೆಯ ಕೈಪಿಡಿಗಳು ಈ ಕಾಡತೂಸಿಗೆ ಬೇರೆಬೇರೆ ಪಟ್ಟಿಗಳನ್ನು ಮುದ್ರಿಸಿ, ಪ್ರಬಲ ಪಟ್ಟಿಯ ಮೇಲೆ ‘ಇದು ರುಗರ್‌ನಂಥ ಗಟ್ಟಿ ಆಯುಧಗಳಿಗೆ ಮಾತ್ರ’ ಎಂಬ ಎಚ್ಚರಿಕೆ ಹಾಕುತ್ತವೆ.

ಎಚ್ಚರಿಕೆ ಇರುವುದು ಪುಸ್ತಕದಲ್ಲಿ. ಕಾಡತೂಸಿನ ಮೈಮೇಲೆ ಅದು ಬರೆದಿರುವುದಿಲ್ಲ. ತುಂಬಿದವನು ಬದುಕಿರುವವರೆಗೆ, ನೆನಪು ನೆಟ್ಟಗಿರುವವರೆಗೆ, ಯಾವ ಡಬ್ಬಿ ಯಾವ ಆಯುಧಕ್ಕೆ ಎಂಬುದು ಅವನಿಗೆ ಗೊತ್ತು. ಅವನು ತೀರಿಕೊಂಡ ಮೇಲೆ ಕಪಾಟಿನಲ್ಲಿ ಉಳಿದ ಡಬ್ಬಿಯೂ ಅಜ್ಜನ ಕಾಲದ ರಿವಾಲ್ವರೂ ಒಟ್ಟಿಗೆ ಮಗನ ಕೈಗೆ ಬರುತ್ತವೆ. ಆಯುಧ ಉಳಿಯಿತು, ಕಾಡತೂಸು ಉಳಿಯಿತು, ಮಾಹಿತಿ ಮಾತ್ರ ಚಿತೆಯೇರಿತು. ಅರ್ಥಶಾಸ್ತ್ರಜ್ಞರು ಮಾಹಿತಿಯ ಅಸಮತೆ ಎಂದು ಕರೆಯುವುದನ್ನು ಸಾಮಾನ್ಯವಾಗಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ಹುಡುಕುತ್ತೇವೆ. ಬಾಳಿಕೆಯ ಸರಕಿನಲ್ಲಿ ಅದು ಒಂದು ತಲೆಮಾರಿಗೂ ಮುಂದಿನ ತಲೆಮಾರಿಗೂ ನಡುವೆಯೇ ಇರುತ್ತದೆ.

ನೀತಿಯ ದೃಷ್ಟಿಯಿಂದ ಅಮೆರಿಕ ಇಲ್ಲಿ ಒಂದು ಅವಕಾಶವನ್ನು ಕೈಬಿಟ್ಟಿತು. ದಾಸ್ತಾನನ್ನು ಹತೋಟಿಗೆ ತರುವುದು ಕಷ್ಟವಾದಾಗ ಬಳಸಿ ಮುಗಿಯುವ ಸರಕಿನ ಮೇಲೆ ಕಣ್ಣಿಡುವುದು ಸುಲಭದ ದಾರಿ. 1968ರ ಶಸ್ತ್ರ ನಿಯಂತ್ರಣ ಕಾಯ್ದೆ ಕಾಡತೂಸು ಮಾರಾಟದ ದಾಖಲೆ ಇಡಬೇಕೆಂದಿತ್ತು. 1986ರ ತಿದ್ದುಪಡಿ ಆ ಹೊಣೆಯನ್ನು ಬಹುಪಾಲು ತೆಗೆದುಹಾಕಿತು. ಕ್ಯಾಲಿಫೋರ್ನಿಯಾ ರಾಜ್ಯ 2016ರ ಜನಮತದ ಆಧಾರದಲ್ಲಿ 2019ರ ಜುಲೈನಿಂದ ಕಾಡತೂಸು ಕೊಳ್ಳುವವರ ಪೂರ್ವಾಪರ ಪರಿಶೀಲನೆಯನ್ನು ಜಾರಿಗೆ ತಂದಿತು. ಅದು ಕೂಡಲೇ ನ್ಯಾಯಾಲಯದ ಮೆಟ್ಟಿಲೇರಿತು.

ಕಾಪಿಡುವಿಕೆಯ ಪ್ರಶ್ನೆ

ಹಳೆಯ ಮಾದರಿಯ ರಿವಾಲ್ವರಿನಲ್ಲಿ ಹ್ಯಾಮರ್ ಕೆಳಗಿಳಿದಾಗ ಅದರ ಮೊನೆ ನೇರವಾಗಿ ಕಾಡತೂಸಿನ ಹಿಂಬದಿಗೆ ತಾಗಿರುತ್ತದೆ. ಕೈತಪ್ಪಿ ಬಿದ್ದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರೀತು. ಅದಕ್ಕಾಗಿ ಆರು ಕೋಣೆಗಳಲ್ಲಿ ಐದನ್ನು ಮಾತ್ರ ತುಂಬಿ, ಹ್ಯಾಮರನ್ನು ಖಾಲಿ ಕೋಣೆಯ ಮೇಲೆ ಇಳಿಸಿಡುವುದು ಹಳಬರ ಕಟ್ಟುನಿಟ್ಟಿನ ರೂಢಿಯಾಗಿತ್ತು. 1973ರಲ್ಲಿ ರುಗರ್ ಕಂಪನಿ ಟ್ರಿಗರ್ ಎಳೆಯದ ಹೊರತು ಹ್ಯಾಮರಿನ ಹೊಡೆತ ಕಾಡತೂಸಿಗೆ ತಲುಪದಂತೆ ಮಾಡುವ ಒಂದು ತುಂಡು ಲೋಹವನ್ನು ಅಳವಡಿಸಿತು. ಹಳೆಯ ಮಾದರಿಗಳನ್ನು ತಂದುಕೊಟ್ಟವರಿಗೂ ಉಚಿತವಾಗಿ ಅಳವಡಿಸಿಕೊಡುವುದಾಗಿ ಮುಂದೆ ಪ್ರಕಟಿಸಿತು. ಆದರೂ ತಂದುಕೊಡದ ಹಳೆಯ ಆಯುಧಗಳು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಬಾಳಿಕೆಯ ಇನ್ನೊಂದು ಮುಖ ಇದು: ಒಳ್ಳೆಯ ಗುಣದಷ್ಟೇ ದೀರ್ಘಾಯುಷ್ಯ ದೋಷಕ್ಕೂ ಇರುತ್ತದೆ.

ಮನೆಯಲ್ಲಿ ಇಡುವ ಬಗೆ ಅಲ್ಲಿ ಸಂವಿಧಾನದ ಪ್ರಶ್ನೆಯಾಯಿತು. ರಾಜಧಾನಿ ವಾಷಿಂಗ್ಟನ್ನಿನ ಕಾನೂನು ಕೈಬಂದೂಕನ್ನು ಬಹುತೇಕ ನಿಷೇಧಿಸಿ, ಉಳಿದ ಆಯುಧಗಳನ್ನು ಮನೆಯಲ್ಲಿ ಖಾಲಿ ಮಾಡಿ, ಬಿಚ್ಚಿ ಅಥವಾ ಟ್ರಿಗರಿಗೆ ಬೀಗ ಹಾಕಿ ಇಡಬೇಕೆಂದಿತ್ತು. 2008ರ ಹೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದನ್ನು ರದ್ದುಪಡಿಸಿತು. ತಕ್ಷಣದ ಆತ್ಮರಕ್ಷಣೆಗೆ ಒದಗದ ಆಯುಧ ಇದ್ದರೂ ಇಲ್ಲದಂತೆ ಎಂಬುದು ತೀರ್ಪಿನ ಸಾರ. ಇದಕ್ಕೆ ಎದುರಾಗಿ ರಾಜ್ಯಗಳು ಇನ್ನೊಂದು ದಾರಿ ಹಿಡಿದವು. ಮಕ್ಕಳ ಕೈಗೆ ಸಿಗುವಂತೆ ಆಯುಧ ಇಟ್ಟವರನ್ನು ಹೊಣೆ ಮಾಡುವ ಕಾನೂನನ್ನು ಫ್ಲಾರಿಡಾ 1989ರಲ್ಲೇ ತಂದಿತ್ತು. 2021ರ ನವೆಂಬರಿನಲ್ಲಿ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ನಾಲ್ವರು ಸಹಪಾಠಿಗಳನ್ನು ಕೊಂದ. 2024ರಲ್ಲಿ ಅವನ ತಾಯಿ-ತಂದೆ ಇಬ್ಬರಿಗೂ ನರಹತ್ಯೆಯ ಅಪರಾಧದಲ್ಲಿ ಶಿಕ್ಷೆಯಾಯಿತು. ಅದೇ ವರ್ಷ ಆ ರಾಜ್ಯದಲ್ಲಿ ಆಯುಧಗಳನ್ನು ಬೀಗದೊಳಗೆ ಇಡಬೇಕೆಂಬ ಕಾನೂನು ಜಾರಿಗೆ ಬಂದಿತು.

2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830. ಅವರಲ್ಲಿ ಆತ್ಮಹತ್ಯೆ ಮಾಡಿಕೊಂಡವರು 26,328, ಅಂದರೆ ಅರ್ಧಕ್ಕೂ ಹೆಚ್ಚು. ಮನೆಯ ಕಪಾಟಿನಲ್ಲಿರುವ ಆಯುಧ ಕಳ್ಳನಿಗಿಂತ ಹೆಚ್ಚಾಗಿ ಮನೆಯವರ ದುರ್ಬಲ ಗಳಿಗೆಗೆ ಕಾದಿರುತ್ತದೆ. ಎಚ್ಚರಿಕೆಯಿಂದ ಕೊಂಡು, ಅಳೆದು ತುಂಬಿ, ಬೀಗ ಹಾಕಿ ಇಡುವ ಲಕ್ಷಾಂತರ ಅಮೆರಿಕನ್ನರಿದ್ದಾರೆ. ಅವರ ಶಿಸ್ತು ನಿಜವಾದದ್ದು. ಆದರೆ ಒಂದು ಸಮಾಜದ ಕ್ಷೇಮ ನಿರ್ಧಾರವಾಗುವುದು ಅತ್ಯುತ್ತಮರ ಶಿಸ್ತಿನಿಂದಲ್ಲ, ಸರಾಸರಿಯವರ ಅಜಾಗರೂಕತೆಯಿಂದ. ಅಜಾಗರೂಕತೆಯ ಬೆಲೆಯನ್ನು ತೆರುವವರು ಬಹಳ ಸಲ ಬೇರೆಯವರು.

ನಮ್ಮ ದಾರಿ

ಭಾರತ ಇದಕ್ಕೆ ನೇರ ವಿರುದ್ಧ ತುದಿಯಿಂದ ಹೊರಟಿತು. ಲಿಟ್ಟನ್ ಕಾಲದ 1878ರ ಶಸ್ತ್ರ ಕಾಯ್ದೆಯ ಉದ್ದೇಶ ಪ್ರಜೆಗಳನ್ನು ನಿಶ್ಶಸ್ತ್ರಗೊಳಿಸುವುದು. ಸ್ವತಂತ್ರ ಭಾರತದ 1959ರ ಕಾಯ್ದೆ ಆ ಅವಮಾನವನ್ನು ಕಳೆದು, ಅರ್ಹರಿಗೆ ಪರವಾನಗಿ ಎಂಬ ತತ್ವ ತಂದಿತು. ಆದರೆ ಯಾವ ಆಯುಧ ನಾಗರಿಕರಿಗೆ ಸಲ್ಲದು ಎಂಬ ವಿಂಗಡಣೆಯಲ್ಲಿ ಹಳೆಯ ಆತಂಕವೇ ಉಳಿಯಿತು. .38, .45, .455, 9 ಮಿ.ಮೀ. ಇವು ನಿಷೇಧಿತ ಬೋರುಗಳು; .32 ಸಾಮಾನ್ಯ ಬೋರು. ಈ ಗೆರೆ ಎಳೆದದ್ದು ಯಾವುದು ಹೆಚ್ಚು ಅಪಾಯಕಾರಿ ಎಂಬ ಪರೀಕ್ಷೆಯಿಂದಲ್ಲ. ಸೈನ್ಯ-ಪೊಲೀಸರ ಉಗ್ರಾಣದಿಂದ ಕದ್ದ ಮದ್ದುಗುಂಡು ನಾಗರಿಕರ ಆಯುಧಕ್ಕೆ ಹೊಂದಬಾರದು ಎಂಬ ಮುನ್ನೆಚ್ಚರಿಕೆಯಿಂದ. ಬ್ರಿಟಿಷ್ ಸೈನ್ಯ ದಶಕಗಳ ಹಿಂದೆಯೇ ತ್ಯಜಿಸಿದ .455 ಕೂಡ ಆ ಪಟ್ಟಿಯಲ್ಲಿ ಉಳಿದಿದೆ.

ಬೋರಿನ ಗೆರೆ ಎಷ್ಟು ಜಾರುವಂಥದು ಎಂಬುದಕ್ಕೆ ಬ್ರಿಟನ್ ಸಾಕ್ಷಿ. 1996ರಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳೂ ಒಬ್ಬ ಶಿಕ್ಷಕಿಯೂ ಹತರಾದ ಬಳಿಕ 1997ರ ಆರಂಭದಲ್ಲಿ ಅಂದಿನ ಕನ್ಸರ್ವೇಟಿವ್ ಸರ್ಕಾರ .22ಕ್ಕಿಂತ ದೊಡ್ಡ ಬೋರಿನ ಕೈಬಂದೂಕುಗಳನ್ನು ನಿಷೇಧಿಸಿತು. ವರ್ಷ ಮುಗಿಯುವುದರೊಳಗೆ ಹೊಸ ಲೇಬರ್ ಸರ್ಕಾರ .22 ಅನ್ನೂ ಸೇರಿಸಿ ಗೆರೆಯನ್ನೇ ಅಳಿಸಿತು. ನಮ್ಮ ರಾಜ್ಯದ ಕಹಿ ಅನುಭವವೂ ಅದನ್ನೇ ಹೇಳುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾದದ್ದು 7.65 ಮಿ.ಮೀ. ನಾಡಪಿಸ್ತೂಲಿನಿಂದ ಎಂದು ತನಿಖೆಯಲ್ಲಿ ಹೇಳಲಾಯಿತು. ಅದು ದೊಡ್ಡ ಬೋರಲ್ಲ. ಅದಕ್ಕೆ ಪರವಾನಗಿಯ ಹಂಗೂ ಇರಲಿಲ್ಲ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಪರವಾನಗಿಯಿಲ್ಲದ ಆಯುಧಗಳ ಹಾವಳಿಯನ್ನು ತಾನಾಗಿಯೇ ಗಮನಕ್ಕೆ ತೆಗೆದುಕೊಂಡಾಗ, ಅಮೆರಿಕದಂತೆ ನಮ್ಮಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ ಎಂಬುದನ್ನು ನೆನಪಿಸಿತು.

ಆಯ್ಕೆಯನ್ನು ರಾಜ್ಯ ತಾನೇ ಮಾಡಿಕೊಟ್ಟರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 1980ರ ದಶಕದ ಮಧ್ಯಭಾಗದಿಂದ ಖಾಸಗಿ ವ್ಯಕ್ತಿಗಳ ಆಮದು ಬಹುತೇಕ ನಿಂತಿತು. ಸರ್ಕಾರಿ ಕಾರ್ಖಾನೆಯೇ ಬಹುಕಾಲ ಏಕಮಾತ್ರ ಮಾರಾಟಗಾರನಾಯಿತು. ಫಲ, ಪಠ್ಯಪುಸ್ತಕದಲ್ಲಿ ಬರೆದಂತೆಯೇ ಬಂದಿತು: ಹಳೆಯ ವಿದೇಶಿ ರಿವಾಲ್ವರುಗಳಿಗೆ ಅವುಗಳ ಗುಣಕ್ಕೆ ಮೀರಿದ ಬೆಲೆ, ಹೊಸದಕ್ಕೆ ಸ್ಪರ್ಧೆಯಿಲ್ಲದ ಬೆಲೆ. 2012ರ ದೆಹಲಿ ಘಟನೆಯ ನಂತರ, 2014ರ ಜನವರಿಯಲ್ಲಿ ಮಹಿಳೆಯರಿಗೆಂದು ಕಾನ್ಪುರದಲ್ಲಿ ತಯಾರಾಗಿ ಬಂದ 500 ಗ್ರಾಂ ತೂಕದ ‘ನಿರ್ಭೀಕ್’ ರಿವಾಲ್ವರಿಗೆ ಸುಮಾರು 1.22 ಲಕ್ಷ ರೂಪಾಯಿ ಬೆಲೆಯಿತ್ತು. ಯಾವ ದುಡಿಯುವ ಹೆಣ್ಣುಮಗಳ ಕೈಚೀಲಕ್ಕೆ ಅದು ನಿಲುಕೀತು? 2021ರ ಅಕ್ಟೋಬರಿನಲ್ಲಿ ಶಸ್ತ್ರ ಕಾರ್ಖಾನೆ ಮಂಡಳಿ ಏಳು ಕಂಪನಿಗಳಾಗಿ ಒಡೆಯಿತು. ಅವುಗಳಲ್ಲೊಂದು 2023ರಲ್ಲಿ ‘ಪ್ರಬಲ್’ ಎಂಬ .32 ರಿವಾಲ್ವರ್ ತಂದಿತು. ಖಾಸಗಿ ತಯಾರಕರೂ ಬಂದಿದ್ದಾರೆ. ಸ್ಪರ್ಧೆ ಆರಂಭವಾಗಿರುವುದು ಸರಿ. ಸ್ಪರ್ಧೆಯ ಜೊತೆಗೆ ಮಾಹಿತಿಯೂ ಬರಬೇಕು.

ನಮ್ಮಲ್ಲಿ ಒಂದು ಮೂಲ ವ್ಯತ್ಯಾಸವನ್ನೂ ಮರೆಯಬಾರದು. ಅಮೆರಿಕದಲ್ಲಿ ದೊಡ್ಡ ಬೋರಿನ ರಿವಾಲ್ವರಿಗೆ ಬೇಟೆಯ, ಕರಡಿಯಿಂದ ರಕ್ಷಣೆಯ ಸಮರ್ಥನೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಲ್ಲಿ ಆ ಬಳಕೆಯೇ ಇಲ್ಲ. ಬೆಳೆ ರಕ್ಷಣೆಗೆ ರೈತ ಕೇಳುವುದು ಕೋವಿಯನ್ನು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು. ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಮನೆತನದ ವಸ್ತು. ಅದನ್ನು ಮುಟ್ಟುವ ರೀತಿ-ನೀತಿಗಳು ಹಿರಿಯರಿಂದ ಕಿರಿಯರಿಗೆ ಆಯುಧದೊಂದಿಗೇ ಸಾಗುತ್ತವೆ. ಮಾಹಿತಿಯೂ ಆಯುಧವೂ ಒಟ್ಟಿಗೆ ಪಾರಂಪರ್ಯವಾಗಿ ಬರಬೇಕು ಎಂಬುದು ಅಲ್ಲಿನ ಪಾಠ. ಬೆದರಿಕೆಯ ಹೆಸರಿನಲ್ಲೋ ಪ್ರತಿಷ್ಠೆಗಾಗಿಯೋ ರಿವಾಲ್ವರ್ ಪಡೆಯುವ ನಗರದ ಮನೆಗಳಲ್ಲಿ ಆ ಪರಂಪರೆ ಇಲ್ಲ.

2016ರ ಶಸ್ತ್ರ ನಿಯಮಗಳು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟವು. ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆ, ರಾಷ್ಟ್ರೀಯ ದತ್ತಾಂಶದಲ್ಲಿ ಪ್ರತಿ ಪರವಾನಗಿದಾರನಿಗೂ ಒಂದು ಗುರುತಿನ ಸಂಖ್ಯೆ ಇವು ಒಳ್ಳೆಯ ಕ್ರಮಗಳು. 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ ಎಂದಿತು, ಮದುವೆ-ಮೆರವಣಿಗೆಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸುವುದನ್ನು ಅಪರಾಧವಾಗಿಸಿತು. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಹಿಗ್ಗಿಸಿತು. ಕಚೇರಿಯ ಕೆಲಸ ಕಡಿಮೆಯಾಯಿತು. ಆಯುಧವನ್ನು ಕಣ್ಣಾರೆ ನೋಡುವ ಸಂದರ್ಭವೂ ಕಡಿಮೆಯಾಯಿತು. ಇದರ ನಡುವೆ ಎಲ್ಲ ಆಯುಧಗಳೂ ಪೊಲೀಸ್ ಠಾಣೆಯ ಕಡೆಗೆ ಮುಖ ಮಾಡುವ ಕಾಲವೊಂದಿದೆ. ಅದು ಚುನಾವಣೆ. ಠೇವಣಿಯಾಗಿ ಬಂದ ರಿವಾಲ್ವರನ್ನು ಚೀಟಿ ಕಟ್ಟಿ ಇಡುತ್ತೇವೆ, ಚುನಾವಣೆ ಮುಗಿದ ಮೇಲೆ ಚೀಟಿ ಬಿಚ್ಚಿ ಕೊಡುತ್ತೇವೆ. ಅದರ ಸಿಲಿಂಡರ್ ಸಡಿಲವಾಗಿದೆಯೇ, ನಳಿಕೆ ತುಕ್ಕು ಹಿಡಿದಿದೆಯೇ ಎಂದು ಯಾರೂ ನೋಡುವುದಿಲ್ಲ.

ಕಾಡತೂಸಿನ ಕಥೆಯೂ ಹೀಗೆಯೇ. ಪರವಾನಗಿಯ ಮೇಲೆ ಎಷ್ಟು ಕೊಳ್ಳಬಹುದೆಂಬ ಮಿತಿ ಬರೆದಿರುತ್ತದೆ. ಈ ಮಿತಿ ಅಮೆರಿಕ ಕೈಬಿಟ್ಟ ಹತೋಟಿಯನ್ನು ನಮಗೆ ಉಳಿಸಿಕೊಟ್ಟಿದೆ, ಇದನ್ನು ಸಡಿಲಿಸಬಾರದು. ಆದರೆ ಕೊಂಡದ್ದನ್ನು ಎಂದೂ ಹಾರಿಸದೆ ಕಪಾಟಿನಲ್ಲಿ ಇಟ್ಟ ಪರವಾನಗಿದಾರರು ಅನೇಕರು. ತೇವದ ಹವೆಯಲ್ಲಿ ವರ್ಷಗಟ್ಟಲೆ ಕುಳಿತ ಕಾಡತೂಸು ಹಾರಬೇಕಾದಾಗ ಹಾರದಿರಬಹುದು, ತಡವಾಗಿ ಹಾರಬಹುದು. ಒಮ್ಮೆಯೂ ಅಭ್ಯಾಸ ಮಾಡದ ಕೈಯಲ್ಲಿರುವ ಇಂಥ ಆಯುಧದಿಂದ ಸಿಗುವುದು ರಕ್ಷಣೆಯ ಭ್ರಮೆ.

ಮಾಡಬೇಕಾದದ್ದು ದೊಡ್ಡ ಕಾನೂನಲ್ಲ, ಸಣ್ಣ ಆಡಳಿತ ಸುಧಾರಣೆಗಳು. ಮೊದಲನೆಯದಾಗಿ, ಪರವಾನಗಿ ನವೀಕರಣದ ಸಮಯದಲ್ಲಿ ಆಯುಧದ ಯಾಂತ್ರಿಕ ತಪಾಸಣೆ ಕಡ್ಡಾಯವಾಗಬೇಕು. ಪ್ರತಿ ಜಿಲ್ಲೆಯ ಸಶಸ್ತ್ರ ಮೀಸಲು ಪಡೆಯಲ್ಲಿ ಆಯುಧ ರಿಪೇರಿ ಬಲ್ಲ ಸಿಬ್ಬಂದಿ ಇದ್ದಾರೆ. ಅರ್ಧ ಗಂಟೆಯ ಕೆಲಸಕ್ಕೆ ಶುಲ್ಕ ವಿಧಿಸಬಹುದು. ಚುನಾವಣೆಯ ಠೇವಣಿಯ ದಿನಗಳನ್ನೂ ಇದಕ್ಕೆ ಬಳಸಿಕೊಳ್ಳಬಹುದು. ಎರಡನೆಯದಾಗಿ, ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ ಕಾಗದದ ಮೇಲೆ ನಿಲ್ಲಬಾರದು. ಪರವಾನಗಿದಾರರಲ್ಲಿ ಕೆಲವರನ್ನು ಚೀಟಿ ಎತ್ತಿ ಆಯ್ದು, ಮನೆಯಲ್ಲಿ ಬೀಗದ ಪೆಟ್ಟಿಗೆ ಇದೆಯೇ ಎಂದು ನೋಡಬೇಕು. ಆಯುಧ ಒಂದು ಕಡೆ, ಕಾಡತೂಸು ಇನ್ನೊಂದು ಕಡೆ ಎಂಬ ಸರಳ ನಿಯಮವೇ ದುಡುಕಿನ ಗಳಿಗೆಗೂ ಅನಾಹುತಕ್ಕೂ ನಡುವೆ ಕೆಲವು ನಿಮಿಷಗಳ ಅಂತರ ತರುತ್ತದೆ. ಮೂರನೆಯದಾಗಿ, ಹಳೆಯ ಕಾಡತೂಸನ್ನು ಹಿಂದಿರುಗಿಸಿ ಅಷ್ಟೇ ಸಂಖ್ಯೆಯ ಹೊಸದನ್ನು ಪಡೆಯುವ ವ್ಯವಸ್ಥೆಯೂ, ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡುವ ಅವಕಾಶವೂ ಬೇಕು.

ನಾಲ್ಕನೆಯದು ಉತ್ತರಾಧಿಕಾರ. ಪರವಾನಗಿದಾರ ತೀರಿಕೊಂಡಾಗ, ಅಥವಾ 70 ವರ್ಷ ತುಂಬಿದಾಗ, ಅಥವಾ 25 ವರ್ಷ ಆಯುಧ ಹೊಂದಿದ ಮೇಲೆ ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳು ಅವಕಾಶ ಕೊಡುತ್ತವೆ. ಇದು ಆಸ್ತಿಯ ವರ್ಗಾವಣೆಯಂತೆ ಸಲೀಸಾಗಬಾರದು. ಹೊಸಬನಿಗೆ ತರಬೇತಿಯೂ ಅಗತ್ಯದ ಪರಿಶೀಲನೆಯೂ ಹೊಸ ಅರ್ಜಿಯಷ್ಟೇ ಬಿಗಿಯಾಗಿರಲಿ. ಬೇಡವೆನ್ನುವ ಕುಟುಂಬಕ್ಕೆ ಗೌರವದಿಂದ ಒಪ್ಪಿಸಿ ಹೊರಬರುವ ದಾರಿಯಿರಲಿ. ಒಂದಿಷ್ಟು ಪರಿಹಾರವನ್ನೂ ಕೊಡಲಿ. ಆಸ್ಟ್ರೇಲಿಯ 1996ರ ನಂತರ ಹಣ ಕೊಟ್ಟು ಸುಮಾರು 6.5 ಲಕ್ಷ ಬಂದೂಕುಗಳನ್ನು ಹಿಂಪಡೆದು ನಾಶಪಡಿಸಿತು. ದಾಸ್ತಾನು ಕರಗಿಸುವುದು ಅಸಾಧ್ಯವಲ್ಲ, ಅದಕ್ಕೆ ಖರ್ಚಿದೆ ಎಂಬುದನ್ನು ಆ ದೇಶ ತೋರಿಸಿತು.

ಕಾನೂನು ಪಾಲಿಸುವವರ ಮೇಲೆಯೇ ಇಷ್ಟು ಹೊರೆ ಏಕೆ, ಅಪರಾಧಿಗಳು ನಾಡಪಿಸ್ತೂಲು ಹಿಡಿದು ಓಡಾಡುತ್ತಿಲ್ಲವೇ ಎಂಬ ಆಕ್ಷೇಪ ಸಹಜ. ಅದರಲ್ಲಿ ಸತ್ಯವಿದೆ, ನಾಡಪಿಸ್ತೂಲಿನ ಕಾರ್ಖಾನೆಗಳನ್ನು ಮುಚ್ಚಿಸುವುದು ಪೊಲೀಸರ ಮೊದಲ ಕರ್ತವ್ಯ. ಆದರೆ ಕಪಾಟಿನಿಂದ ಕಳುವಾದ ಪರವಾನಗಿ ಆಯುಧವೂ ಮರುದಿನ ಪರವಾನಗಿಯಿಲ್ಲದ ಆಯುಧವೇ. ಮಗುವಿನ ಕೈಗೆ ಸಿಕ್ಕ ರಿವಾಲ್ವರಿಗೆ ತನ್ನ ಒಡೆಯನ ಸಚ್ಚಾರಿತ್ರ್ಯ ಗೊತ್ತಿರುವುದಿಲ್ಲ.

ಅಸ್ಸಾಂ ಈಗ ನೀಡುವ ಪರವಾನಗಿಗಳ ಮೇಲೆ ಕೊಳ್ಳುವ ಆಯುಧಗಳು ಇಂದಿನ ಬೆದರಿಕೆ ಮರೆತುಹೋದ ಮೇಲೂ ಇರುತ್ತವೆ. ಇಂದಿನ ಮುಖ್ಯಮಂತ್ರಿ, ಇಂದಿನ ಜಿಲ್ಲಾಧಿಕಾರಿ, ಇಂದಿನ ಅರ್ಜಿದಾರ ಯಾರೂ ಇಲ್ಲದ ಕಾಲದಲ್ಲಿಯೂ ಆ ಉಕ್ಕು ಎಣ್ಣೆಯ ಬಟ್ಟೆಯೊಳಗೆ ಸುಮ್ಮನೆ ಮಲಗಿರುತ್ತದೆ. ಆದ್ದರಿಂದ ಇತರ ರಾಜ್ಯಗಳು ಅದೇ ದಾರಿಯಲ್ಲಿ ಹೆಜ್ಜೆ ಇಡುವ ಮುನ್ನ, ಯಾರಿಗೆ ಕೊಡಬೇಕು ಎಂಬುದರ ಜೊತೆಗೆ ಯಾವುದನ್ನು, ಯಾವ ಕಾಡತೂಸಿನೊಂದಿಗೆ, ಯಾವ ಬೀಗದ ಹಿಂದೆ ಎಂಬುದನ್ನೂ ನಿರ್ಧರಿಸಲಿ. ಆಯುಧದ ಆಯುಷ್ಯಕ್ಕೆ ತಕ್ಕಷ್ಟು ದೀರ್ಘವಾದ ದೃಷ್ಟಿ ಆಡಳಿತಕ್ಕೂ ಬೇಕು.